ಅವಳ ಎಡಗಾಲಿನ ಕಡೆಗೆ

ಸಿಡ್ನಿಯ ಗಿರಾವೀನ್‌ನ ಶಾಲೆಯೊಂದರ ಹಾಲ್ ಬುಕ್ ಮಾಡಿ ಶನಿವಾರ ಬೆಳಿಗ್ಗೆ ನಾವು ಆಡುತ್ತಿದ್ದದ್ದು ಅರ್ಧ ಬ್ಯಾಡ್ಮಿಂಟನ್, ಅರ್ಧ ಪಂಚಾತಿಕೆ. ಯಾರಿಗೆ ಇಲ್ಲೇ ಕಾಯಂ ಉಳಿಯುವ ಪಿಆರ್ ಸಿಕ್ಕಿತು, ಯಾವ ಸಬರ್ಬಿನಲ್ಲಿ ಯಾರು ಮನೆ ತಗೊಂಡರು, ಯಾರ ಮಗಳು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಎಲ್ಲಾ ಒಂದು ಸರ್ವ್‌ಗೂ ಇನ್ನೊಂದು ಸರ್ವ್‌ಗೂ ನಡುವೆ ತೀರ್ಮಾನ ಆಗುತ್ತಿತ್ತು. ನನಗೆ ಅದೆಲ್ಲ ಆಗುವುದಿಲ್ಲ ಮಾರಾಯ್ರೆ. ಆಡಲಿಕ್ಕೆ ಬಂದರೆ ಆಡಬೇಕು, ಆಡಿದರೆ ಗೆಲ್ಲಬೇಕು. ಮಂಗಳೂರಿನ ಕಾಲೇಜಿನಲ್ಲಿ ಸಿಸ್ಟರ್‌ಗಳ ಕಣ್ಣೆದುರೇ ಅಂಪೈರ್ ಮೇಲೆ ಬೊಬ್ಬೆ ಹೊಡೆದು ಕೋರ್ಟಿನಿಂದ ಹೊರಗೆ ಹಾಕಿಸಿಕೊಂಡವಳು ನಾನು. ನನ್ನ ಕೋಪ ಮೂಗಿನ ತುದಿಯಲ್ಲಿ ಉಂಟು ಅಂತ ಅಮ್ಮ ಹೇಳುತ್ತಿದ್ದರು. ನನ್ನ ಗಂಡ ಹೇಳುವುದು, ತುದಿಯಲ್ಲಲ್ಲ, ಇಡೀ ಮೂಗೇ ಕೋಪದ್ದು ಅಂತ.

ಅವಳು ಆ ಹಾಲ್‌ಗೆ ಬಂದದ್ದು ಇಲ್ಲಿಯ ಚಳಿಗಾಲದಲ್ಲಿ, ಅಂದರೆ ಜುಲೈಯಲ್ಲಿ. ಪ್ಯಾರಮಟ್ಟಾದ ಒಂದು ಚೈಲ್ಡ್‌ಕೇರ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಅವಳದು. ನಮ್ಮ ಕ್ಲಬ್ಬಿನ ಒಬ್ಬಳ ಮಗು ಅಲ್ಲಿಗೆ ಹೋಗುತ್ತಿತ್ತು. ಮಾತಿಗೆ ಮಾತು ಬಂದು, ಇವಳು ಪೋಲೆಂಡಿನವಳು, ಹಿಂದೆ ತನ್ನ ದೇಶದ ಪರವಾಗಿ ಡಬಲ್ಸ್ ಆಡಿದವಳು ಅಂತ ಗೊತ್ತಾಗಿ, ಆ ತಾಯಿ ಇವಳನ್ನು ಕೈಹಿಡಿದು ಎಳೆದುಕೊಂಡೇ ಬಂದಳು. ಎತ್ತರದ ಹೆಂಗಸು, ವಯಸ್ಸು ಮೂವತ್ತೈದರ ಆಚೆ ಈಚೆ, ಒಣಹುಲ್ಲಿನ ಬಣ್ಣದ ಕೂದಲು. ಎಡಗಾಲಿನ ಹಿಮ್ಮಡಿಯಿಂದ ಮೀನಖಂಡದವರೆಗೆ ಉದ್ದಕ್ಕೆ ಒಂದು ಹೊಲಿಗೆಯ ಗುರುತಿತ್ತು.

ಶುರುವಾಯಿತು ನೋಡಿ ನಮ್ಮವರ ಉಪಚಾರ! ಕುರ್ಚಿ ಬಂತು, ಫ್ಲಾಸ್ಕಿನ ಚಹಾ ಬಂತು, ಯಾರೋ ಮನೆಯಿಂದ ತಂದ ವಡೆ ಬಂತು. ಆಟಕ್ಕೆ ಇಳಿದ ಮೇಲಂತೂ ಕೇಳುವುದೇ ಬೇಡ. ಅವಳ ಜೊತೆಗೆ ಆಡಿದವರು ನಡುವೆ ಬಂದ ಪ್ರತಿಯೊಂದು ಶಟಲನ್ನೂ "ನೀವೇ ಮೇಡಂ, ನೀವೇ" ಅಂತ ಬಿಟ್ಟುಕೊಡುವುದು, ಮದುವೆ ಮನೆಯಲ್ಲಿ ದೊಡ್ಡವರನ್ನು ಮೊದಲ ಪಂಕ್ತಿಗೆ ಕೂರಿಸಿದ ಹಾಗೆ. ಎದುರು ನಿಂತವರು ಶಟಲನ್ನು ಅವಳ ಕೈಗೇ ಎತ್ತಿ ಎತ್ತಿ ಕೊಡುವುದು. ಕ್ಲಬ್ ನಡೆಸುತ್ತಿದ್ದ ದಾವಣಗೆರೆಯ ಅಂಕಲ್ ಒಬ್ಬರಿದ್ದರು, ಒಳ್ಳೆಯ ಮನುಷ್ಯ. ಎಲ್ಲರ ಕಿವಿಯಲ್ಲಿ ಊದಿದ್ದು ಅವರೇ. "ಪಾಪ, ಕಾಲಿನ ನರ ಹರಿದು ಆಪರೇಷನ್ ಆಗೇತಂತ. ಯಾರೂ ಆಕಿಗೆ ಡ್ರಾಪ್ ಹಾಕಬ್ಯಾಡ್ರಿ." ಡ್ರಾಪ್ ಅಂದರೆ ಎದುರಿನವರನ್ನು ಹಿಂದಕ್ಕೆ ಓಡಿಸಿ, ಆಮೇಲೆ ಶಟಲನ್ನು ನೆಟ್ ದಾಟಿದ ಕೂಡಲೇ ಮೆಲ್ಲಗೆ ಬೀಳಿಸುವುದು. ಹಿಂದೆ ಇದ್ದವರು ಹಿಮ್ಮಡಿ ಒತ್ತಿ, ಜೀವ ಬಿಟ್ಟು ಮುಂದಕ್ಕೆ ಓಡಿ ಬರಬೇಕು. ಹರಿದು ಹೊಲಿದ ಕಾಲಿಗೆ ಅದಕ್ಕಿಂತ ಕೆಟ್ಟ ಹೊಡೆತ ಇನ್ನೊಂದಿಲ್ಲ.

ಮೂರನೆಯ ಶನಿವಾರವೋ ನಾಲ್ಕನೆಯದೋ, ನಾನು ಅವಳ ಎದುರು ನಿಂತೆ. ನಮ್ಮ ಜೋಡಿ ಸೋಲುತ್ತಿತ್ತು. ನನ್ನ ಪಾರ್ಟ್ನರ್ ಮಹಾಶಯ ಗೆಲ್ಲುವ ಶಟಲನ್ನೆಲ್ಲಾ ಅವಳಿಗೆ ನೈವೇದ್ಯ ಮಾಡುತ್ತಿದ್ದ. ನನಗೆ ಮಂಡೆಬಿಸಿ ಏರಿತು. ಒಂದು ಶಟಲನ್ನು ಅವಳ ಹಿಂದಿನ ಮೂಲೆಗೆ ಎತ್ತಿ ಹೊಡೆದೆ. ಅವಳು ಹಿಂದಕ್ಕೆ ಹೋದಳು, ಹೇಗೋ ತಿರುಗಿಸಿದಳು. ಅದು ನನ್ನ ಕೈಗೆ ಬಂದಾಗ ನೆಟ್‌ನ ಹತ್ತಿರ ಮೆಲ್ಲಗೆ ಬೀಳಿಸಿದೆ, ಅವಳ ಎಡಗಾಲಿನ ಕಡೆಗೇ.

ಇಡೀ ಹಾಲ್ "ಅಯ್ಯೋ" ಅಂದಿತು. ಅವಳು ಓಡಿದಳು, ಮುಟ್ಟಲಿಲ್ಲ, ಮೊಣಕಾಲೂರಿ ನಿಂತಳು. ಅಂಕಲ್ ನೀರಿನ ಬಾಟಲ್ ಹಿಡಿದು ಓಡಿ ಬಂದರು, ದಾರಿಯಲ್ಲಿ ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿದರು. ಅವಳು ಬಾಟಲ್ ಕಡೆಗೆ ಕಣ್ಣೂ ಹಾಯಿಸದೆ ಎದ್ದು, ನನ್ನನ್ನೇ ನೋಡಿ, ಇಂಗ್ಲಿಷಿನಲ್ಲಿ "ಇನ್ನೊಮ್ಮೆ ಹಾಕು" ಅಂದಳು. ಹಾಕಿದೆ. ಆ ಸಲ ಮುಟ್ಟಿದಳು.

ಆಟ ಮುಗಿದ ಮೇಲೆ ಕಾರ್ ಪಾರ್ಕಿನಲ್ಲಿ ನನ್ನ ಹಿಂದೆಯೇ ಬಂದಳು. ಬೈಯಲಿಕ್ಕೆ ಬಂದಳು ಅಂತ ನಾನೂ ಸೊಂಟ ಕಟ್ಟಿ ತಯಾರಾದೆ.

"ಯಾಕೆ ಹಾಗೆ ಹೊಡೆದೆ?"

"ಗೆಲ್ಲಲಿಕ್ಕೆ. ಮತ್ತೆಂತ, ನಿನಗೆ ಆರತಿ ಎತ್ತಲಿಕ್ಕಾ?"

ಅವಳು ನಕ್ಕಳು. ಆಮೇಲೆ ಕೇಳಿದಳು: ಬರುವ ವರ್ಷ ಮೆಲ್ಬರ್ನ್‌ನಲ್ಲಿ ಮೂವತ್ತೈದು ದಾಟಿದವರಿಗೆ ಒಂದು ಟೂರ್ನಮೆಂಟ್ ಉಂಟು, ಡಬಲ್ಸ್‌ಗೆ ನನ್ನ ಪಾರ್ಟ್ನರ್ ಆಗುತ್ತೀಯಾ? ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಯಾರನ್ನಾದರೂ ಕೇಳುತ್ತಿದ್ದಾಳೋ ಅಂತ. ನನಗೆ ನಲವತ್ತು ದಾಟಿತ್ತು, ಕ್ಲಬ್ಬಿನಲ್ಲಿ ನನಗಿಂತ ಚೆನ್ನಾಗಿ ಆಡುವ ಹೆಂಗಸರು ನಾಲ್ಕೈದು ಜನ ಇದ್ದರು. ಅದನ್ನೇ ಹೇಳಿದೆ.

"ಗೊತ್ತು. ಆದರೆ ಅವರೆಲ್ಲ ಒಳ್ಳೆಯವರು," ಅಂದಳು.

ಹೊಗಳಿದಳೋ ಬೈದಳೋ ಗೊತ್ತಾಗದೆ ನಾನು ಹೂಂ ಅಂದುಬಿಟ್ಟೆ.

ಪ್ರಾಕ್ಟೀಸ್ ಅಂದರೆ ಪ್ರಾಕ್ಟೀಸ್. ವಾರದ ಮಧ್ಯೆ ಒಂದು ಸಂಜೆ, ಆದಿತ್ಯವಾರ ಪೂಜೆ ಮುಗಿದ ಮೇಲೆ ಒಂದು ಮಧ್ಯಾಹ್ನ. ಅವಳೂ ಕಥೋಲಿಕಳು, ನಾವು ಮಂಗಳೂರಿನ ಕೊಂಕಣಿಗಳೂ ಕಥೋಲಿಕರು. ಇಗರ್ಜಿಯಿಂದ ಸೀದಾ ನಮ್ಮ ಮನೆಗೆ ಬಂದು, ನಾನು ಮಾಡಿದ ಹಂದಿಮಾಂಸದ ಸಾರಿಗೆ ಇಡ್ಲಿಯಂಥ ಸನ್ನ ಅದ್ದಿ ತಿಂದು, ಖಾರಕ್ಕೆ ಮೂಗು ಒರೆಸಿಕೊಂಡು, "ನಡಿ" ಅನ್ನುತ್ತಿದ್ದಳು. ಹಿತ್ತಲಿನಲ್ಲಿ ನನ್ನ ಹಳೆಯ ಸೀರೆಯೊಂದನ್ನು ಹಗ್ಗದ ಹಾಗೆ ಹೊಸೆದು, ಒಂದು ತುದಿ ನನ್ನ ಸೊಂಟಕ್ಕೆ, ಇನ್ನೊಂದು ತುದಿ ಅವಳ ಸೊಂಟಕ್ಕೆ ಕಟ್ಟಿ ಓಡಿಸುತ್ತಿದ್ದಳು. ಡಬಲ್ಸ್‌ನಲ್ಲಿ ಒಬ್ಬರು ಎಡಕ್ಕೆ ಹೋದರೆ ಇನ್ನೊಬ್ಬರೂ ಅಷ್ಟೇ ಸರಿಯಬೇಕು, ನಡುವಿನ ಅಂತರ ಹೆಚ್ಚೂ ಆಗಬಾರದು, ಕಮ್ಮಿಯೂ ಆಗಬಾರದು. ನಾನು ತಡ ಮಾಡಿದರೆ ಸೀರೆ ಎಳೆದು ಅವಳ ಮೈಮೇಲೆ ಬೀಳುತ್ತಿದ್ದೆ. ನನ್ನ ಗಂಡ ಕಿಟಕಿಯಲ್ಲಿ ನಿಂತು, "ಮದುವೆಯಲ್ಲಿ ನನ್ನನ್ನೂ ಹೀಗೆ ಕಟ್ಟಿಹಾಕಿದ್ದರೆ ಇಷ್ಟು ಜಗಳ ಇರುತ್ತಿರಲಿಲ್ಲ" ಅನ್ನುತ್ತಿದ್ದರು.

ಸೀರೆಯ ಉಪಾಯ ಅವಳ ಸ್ವಂತದ್ದಲ್ಲ. ಪೋಲೆಂಡಿನ ಅವಳ ಊರಿನ ಕೋಚ್ ಅವಳಿಗೂ ಅವಳ ಆಗಿನ ಪಾರ್ಟ್ನರ್‌ಗೂ ಹಗ್ಗ ಕಟ್ಟಿ ಕಲಿಸಿದ್ದಂತೆ. ಕಲ್ಲಿದ್ದಲು ಗಣಿಯ ಪಕ್ಕದ ಸಣ್ಣ ಪಟ್ಟಣ, ಚಳಿಗಾಲದಲ್ಲಿ ಹಾಲ್‌ನ ಒಳಗೂ ಬಾಯಿಂದ ಹೊಗೆ ಬರುವಷ್ಟು ಚಳಿ, ರ‍್ಯಾಕೆಟ್ ಹಿಡಿಯದ ಕೈಗೆ ಉಣ್ಣೆಯ ಗ್ಲೌಸ್ ಹಾಕಿಕೊಂಡು ಆಡುತ್ತಿದ್ದರಂತೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಎಲ್ಲರ ಜೋಡಿ ಆಗಿ ಉಳಿದ ಇಬ್ಬರು ಹುಡುಗಿಯರನ್ನು ಕೋಚ್ ಒಟ್ಟಿಗೆ ಕಟ್ಟಿದ. ಆ ಕಟ್ಟು ಹದಿನಾರು ವರ್ಷ ಬಿಚ್ಚಲಿಲ್ಲ. ಎಷ್ಟು ದೇಶ ಸುತ್ತಿದರು, ಎಷ್ಟು ಕಡೆ ಒಂದೇ ಮಂಚದಲ್ಲಿ ಮಲಗಿದರು, ಒಬ್ಬಳು ಸ್ನಾನಕ್ಕೆ ಹೋದರೆ ಇನ್ನೊಬ್ಬಳು ಇಬ್ಬರ ಟೀಶರ್ಟನ್ನೂ ಸಿಂಕಿನಲ್ಲಿ ಒಗೆದು ಹಾಕುವುದು. ದೊಡ್ಡ ಹೆಸರು ಬರಲಿಲ್ಲ. ಆದರೆ ದೇಶದಲ್ಲಿ ಅವರಿಗೆ ಎದುರಿಲ್ಲ, ಯುರೋಪಿನ ದೊಡ್ಡ ಜೋಡಿಗಳಿಗೂ ಇವರ ಹೆಸರು ಪಟ್ಟಿಯಲ್ಲಿ ಕಂಡರೆ ತಲೆನೋವು.

ಲಂಡನ್ ಒಲಿಂಪಿಕ್ಸಿಗೆ ಹೋಗಬೇಕು ಅನ್ನುವುದು ಇಬ್ಬರಿಗೂ ಒಂದೇ ಕನಸು. ಅದರ ಹಿಂದಿನ ವರ್ಷ ಎಲ್ಲಾ ಸರಿಯಾಗಿ ಹೋಗುತ್ತಿತ್ತು. ಒಂದು ಮ್ಯಾಚಿನಲ್ಲಿ ನೆಟ್ ಹತ್ತಿರ ಬಿದ್ದ ಶಟಲಿಗೆ ಇವಳು ಹಿಂದಿನಿಂದ ಹಾರಿದಾಗ ಯಾರೋ ಹಿಮ್ಮಡಿಗೆ ಒದ್ದ ಹಾಗಾಯಿತಂತೆ. ಒದ್ದವರು ಯಾರು ಅಂತ ಸಿಟ್ಟಿನಿಂದ ತಿರುಗಿ ನೋಡಿದರೆ ಹಿಂದೆ ಯಾರೂ ಇರಲಿಲ್ಲ, ಪಾರ್ಟ್ನರ್ ಮುಂದೆ ನೆಟ್ ಹತ್ತಿರ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ನರ ಹರಿದು ಮೇಲಕ್ಕೆ ಸುರುಳಿಯಾಗಿ ಹೋಗಿತ್ತು.

"ಆಮೇಲೆ ಪಾರ್ಟ್ನರ್?" ಅಂತ ಕೇಳಿದೆ.

"ಆಸ್ಪತ್ರೆಗೆ ಒಮ್ಮೆ ಬಂದಳು, ಅತ್ತಳು, ಹೋದಳು. ಬೇರೆಯವಳ ಜೊತೆ ಆಡಿ ನೋಡಿದಳು, ಆಗಲಿಲ್ಲ. ಆಟ ಬಿಟ್ಟಳು, ಮದುವೆಯಾದಳು, ದೂರ ಹೋದಳು."

"ಫೋನ್?"

"ಇಲ್ಲ."

ಹದಿನಾರು ವರ್ಷ ಒಂದೇ ಹಗ್ಗದಲ್ಲಿ ಇದ್ದವರು! ನನಗೆ ಆ ಕಾಣದ ಹೆಂಗಸಿನ ಮೇಲೆ ಎಷ್ಟು ಕೋಪ ಬಂತೆಂದರೆ ಕೈಯಲ್ಲಿದ್ದ ಸೌಟನ್ನು ಸಿಂಕಿಗೆ ಕುಕ್ಕಿದೆ.

ಟೂರ್ನಮೆಂಟ್ ಹತ್ತಿರ ಬರುತ್ತಿದ್ದ ಹಾಗೆ ನನ್ನ ಗಂಡ ತಮಾಷೆ ನಿಲ್ಲಿಸಿದರು. ಅವಳ ಫಿಸಿಯೋ ಹೇಳಿದ್ದನ್ನು ಅವಳೇ ನಮ್ಮ ಊಟದ ಮೇಜಿನಲ್ಲಿ ಹೇಳಿದ್ದಳು, ಉಪ್ಪು ಕೊಡಿ ಅಂದಷ್ಟು ಸಲೀಸಾಗಿ: ಕ್ಲಬ್ಬಿನ ಆಟ ಪರವಾಗಿಲ್ಲ, ನಿಜವಾದ ಮ್ಯಾಚ್ ಬೇಡ, ಇನ್ನೊಮ್ಮೆ ಹರಿದರೆ ಆಟ ಬಿಡಿ, ನೆಟ್ಟಗೆ ನಡೆಯುವುದೂ ಅನುಮಾನ. ಅವಳು ಹೋದ ಮೇಲೆ ಇವರು ನನ್ನ ಮೇಲೆ ಹರಿಹಾಯ್ದರು. "ದಿನಾ ಮಕ್ಕಳ ಹಿಂದೆ ಓಡುವ ಕೆಲಸ ಅವಳದ್ದು. ಇಲ್ಲಿ ಅವಳಿಗೆ ಯಾರಿದ್ದಾರೆ? ಕಾಲು ಹೋದರೆ ಯಾರು ನೋಡಿಕೊಳ್ಳುತ್ತಾರೆ? ನೀನು ಬೇಡ ಅಂದರೆ ಅವಳು ಹೋಗುವುದಿಲ್ಲ. ಹೇಳು ಅವಳಿಗೆ."

ಹೇಳಿದೆ. ಪ್ಯಾರಮಟ್ಟಾ ಸ್ಟೇಷನ್ನಿಗೆ ಅವಳನ್ನು ಬಿಡಲಿಕ್ಕೆ ಹೋದಾಗ ಕಾರ್ ನಿಲ್ಲಿಸಿ, "ಬೇಡ, ಹೋಗುವುದು ಬೇಡ" ಅಂದೆ. ಅವಳ ಮುಖ ಕೆಂಪೇರಿತು. ನನ್ನಷ್ಟೇ ಕೋಪದವಳು ಅವಳು, ಅದು ನನಗೆ ಅವತ್ತು ಗೊತ್ತಾಯಿತು.

"ನೀನೂ ಒಳ್ಳೆಯವಳಾಗಿಬಿಟ್ಟೆಯಾ? ಐದು ವರ್ಷದಿಂದ ಎಲ್ಲರೂ ನನ್ನ ಕಾಲಿನ ಜೊತೆ ಆಡುತ್ತಾರೆ. ನನ್ನ ಜೊತೆ ಯಾರೂ ಆಡುವುದಿಲ್ಲ. ನಾನು ಇನ್ನೂ ಆಟಗಾರ್ತಿಯೋ, ಇಲ್ಲಾ ಬರೀ ಒಂದು ಕಾಲೋ, ಅದು ನನಗೆ ಗೊತ್ತಾಗಬೇಕು. ಒಂದು ಮ್ಯಾಚ್ ಸಾಕು. ಕಾಲು ನನ್ನದು, ನಿನ್ನದಲ್ಲ."

ಕಾರಿನ ಬಾಗಿಲು ಹಾಕಿದ ರಭಸಕ್ಕೆ ಕನ್ನಡಿ ನಡುಗಿತು. ನಾನು ಮನೆಗೆ ಬಂದು ಗಂಡನಿಗೆ, "ಹೋಗುತ್ತೇವೆ" ಅಂದೆ.

ಮೆಲ್ಬರ್ನ್‌ನಲ್ಲಿ ನಾವು ಉಳಿದದ್ದು ವೆರಿಬೀಯಲ್ಲಿರುವ ನನ್ನ ಚಿಕ್ಕಮ್ಮನ ಮಗಳ ಮನೆಯಲ್ಲಿ. ಮೊದಲ ದಿನ ಎರಡು ಮ್ಯಾಚ್ ಗೆದ್ದೆವು. ಎದುರಿನವರಿಗೆ ಇವಳ ಕಾಲಿನ ವಿಷಯ ಗೊತ್ತಿರಲಿಲ್ಲ, ಇವಳೂ ಉದ್ದದ ಸಾಕ್ಸ್ ಹಾಕಿ ಗುರುತು ಮುಚ್ಚಿದ್ದಳು. ಇವಳ ಸ್ಮ್ಯಾಶ್ ನೋಡಿಯೇ ಅವರು ಅರ್ಧ ಸೋತರು. ಖುಷಿಗೆ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಸೆಮಿಫೈನಲ್! ಜನ್ಮದಲ್ಲಿ ಮೊದಲ ಸುತ್ತು ದಾಟದವಳು ನಾನು. ಚಿಕ್ಕಮ್ಮನ ಮಗಳಿಗೆ ಪ್ರತಿ ಪಾಯಿಂಟನ್ನೂ ಎರಡೆರಡು ಸಲ ವಿವರಿಸಿ ಅವಳ ತಲೆ ತಿಂದೆ.

ಮರುದಿನ ಬೆಳಿಗ್ಗೆ ವೆರಿಬೀಯಿಂದ ಹಾಲ್‌ಗೆ ಹೋಗುವ ದಾರಿಯಲ್ಲಿ ಇವಳು ಬಾಯಿಬಿಟ್ಟಳು. ಕಿಟಕಿಯ ಹೊರಗೆ ನೋಡುತ್ತಾ, "ಇವತ್ತು ಎದುರಿಗೆ ಇರುವವಳು ಅವಳೇ" ಅಂದಳು.

"ಯಾರು?"

"ನನ್ನ ಪಾರ್ಟ್ನರ್."

ದೂರ ಹೋದಳು ಅಂದದ್ದು ಮೆಲ್ಬರ್ನ್‌ಗೆ! ಇಲ್ಲಿಯವನನ್ನೇ ಮದುವೆಯಾಗಿ ಇಲ್ಲಿಯೇ ಇದ್ದಳು. ಇವಳು ಆಸ್ಟ್ರೇಲಿಯಾಕ್ಕೆ ಬಂದದ್ದೂ ಅದಕ್ಕೇ. ಆದರೆ ಮೆಲ್ಬರ್ನ್‌ಗೆ ಟಿಕೆಟ್ ಮಾಡಲಿಕ್ಕೆ ಧೈರ್ಯ ಸಾಲದೆ ಸಿಡ್ನಿಯಲ್ಲಿ ಇಳಿದಿದ್ದಳು. ಅವಳು ಮತ್ತೆ ಆಟ ಶುರು ಮಾಡಿ ಹೋದ ವರ್ಷ ಈ ಟೂರ್ನಮೆಂಟಿನಲ್ಲಿ ಆಡಿದ್ದನ್ನು ನೋಡಿಟ್ಟುಕೊಂಡೇ ಇವಳು ಹೆಸರು ಕೊಟ್ಟದ್ದು.

"ಇಷ್ಟು ದಿನ ಯಾಕೆ ಹೇಳಲಿಲ್ಲ?" ಅಂತ ಕಿರುಚಿದೆ.

"ಹೇಳಿದ್ದರೆ ನೀನು ನನಗೋಸ್ಕರ ಆಡುತ್ತಿದ್ದೆ. ನನಗೆ ಬೇಕಾದದ್ದು ಗೆಲ್ಲಲಿಕ್ಕೆ ಆಡುವವಳು."

ಹಾಲ್‌ನಲ್ಲಿ ಅವಳನ್ನು ನೋಡಿದೆ. ಗಿಡ್ಡ, ಗಟ್ಟಿಮುಟ್ಟು, ಕತ್ತರಿಸಿದ ಕೂದಲು. ನಾನು ಮನಸ್ಸಿನಲ್ಲಿ ಒಂದು ರಾಕ್ಷಸಿಯನ್ನು ಮಾಡಿಟ್ಟುಕೊಂಡಿದ್ದೆ, ನೋಡಿದರೆ ಅವಳು ಶಾಲೆಯ ಟೀಚರ್ ಹಾಗೆ ಇದ್ದಳು. ನೆಟ್‌ನ ಮೇಲೆ ಕೈ ಕುಲುಕುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವಳ ಜೊತೆ ಇದ್ದದ್ದು ಒಬ್ಬ ಲೋಕಲ್ ಹೆಂಗಸು, ಏನೂ ಗೊತ್ತಿಲ್ಲದೆ ಎಲ್ಲರಿಗೂ ಗುಡ್ ಲಕ್ ಹೇಳುತ್ತಿದ್ದಳು. ನಮ್ಮಂಥವರ ಟೂರ್ನಮೆಂಟಿಗೆ ಅಂಪೈರ್ ಎಲ್ಲಿ? ಗೆರೆಯ ತೀರ್ಪು ನಾವೇ ಹೇಳಿಕೊಳ್ಳಬೇಕು, ಸ್ಕೋರ್ ಬೋರ್ಡ್ ತಿರುಗಿಸಲಿಕ್ಕೆ ಒಬ್ಬರು ವಾಲಂಟಿಯರ್ ಇದ್ದರು, ಅಷ್ಟೆ.

ಮೊದಲ ಗೇಮ್ ಸೋತೆವು. ಸೋಲಿಸಿದ್ದು ನಾನೇ, ಹೆದರಿ ಹೆದರಿ ಹೊಡೆದು ಅರ್ಧ ಶಟಲ್ ನೆಟ್‌ಗೆ ಹಾಕಿದೆ. ಎರಡನೆಯ ಗೇಮಿನಲ್ಲಿ ನನ್ನ ಕೈಗೆ ಜೀವ ಬಂತು. ಲೋಕಲ್ ಹೆಂಗಸು ದಣಿಯುತ್ತಾ ಬಂದಳು, ನಾವು ಒಂದೊಂದೇ ಪಾಯಿಂಟ್ ಹತ್ತಿ ಗೆದ್ದುಬಿಟ್ಟೆವು. ಒಂದೊಂದು ಗೇಮ್ ಸಮ. ಮೂರನೆಯದು ಗೆದ್ದರೆ ಫೈನಲ್. ನಾನು ಖುಷಿಯಿಂದ ಇವಳ ಬೆನ್ನಿಗೆ ಗುದ್ದಿದೆ. ಇವಳು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬೆಂಚಿನಲ್ಲಿ ಕೂತಳು.

"ಕಾಲಾ? ಕಾಲು ನೋಯುತ್ತದಾ?"

"ಕಾಲಿಗೆ ಏನಾಗಿದೆ? ಅದಕ್ಕೆ ಕೆಲಸವೇ ಇಲ್ಲ," ಅಂದಳು ಟವೆಲ್ಲಿನ ಒಳಗಿಂದ. "ನೋಡಲಿಲ್ಲವಾ ನೀನು? ಅವಳು ನನ್ನ ಜೊತೆ ಆಡುತ್ತಿಲ್ಲ."

ಆಗ ನನಗೆ ಹೊಳೆಯಿತು. ಎರಡು ಗೇಮಿನಲ್ಲಿ ಆ ಹೆಂಗಸು ಒಂದೇ ಒಂದು ಡ್ರಾಪ್ ಇವಳ ಕಡೆಗೆ ಹಾಕಿರಲಿಲ್ಲ. ಇವಳು ಹಿಂದಿನ ಗೆರೆಯ ಹತ್ತಿರ ಸಿಕ್ಕಿಹಾಕಿಕೊಂಡು, ಮುಂದೆ ಇಡೀ ಕೋರ್ಟ್ ಖಾಲಿ ಬಿದ್ದಿದ್ದಾಗಲೂ, ಅವಳು ಶಟಲನ್ನು ಇವಳ ಕೈಗೇ ಎತ್ತಿ ಕೊಟ್ಟಿದ್ದಳು. ನಮ್ಮ ಗಿರಾವೀನ್‌ನವರು ಪಾಪ ಅಂತ ಮಾಡಿದ್ದನ್ನೇ ಇವಳ ಹದಿನಾರು ವರ್ಷದ ಜೋಡಿಯೂ ಮಾಡುತ್ತಿದ್ದಳು. ನಾವು ಗೆದ್ದದ್ದು ಹಾಗೆ.

ಸುಮ್ಮನೆ ಇದ್ದಿದ್ದರೆ ಮೂರನೆಯದನ್ನೂ ಗೆಲ್ಲುತ್ತಿದ್ದೆವು. ನನಗದು ಚೆನ್ನಾಗಿ ಗೊತ್ತಿತ್ತು, ಮಾರಾಯ್ರೆ. ಫೈನಲ್, ಕೊರಳಿಗೆ ಒಂದು ಮೆಡಲ್, ಗಂಡನಿಗೆ ತೋರಿಸಲಿಕ್ಕೆ ಒಂದು ಫೋಟೋ. ನಾನು ಬೇಕು ಅಂತ ಕೈ ಚಾಚಿದ್ದು ಅಷ್ಟಕ್ಕೇ. ಆದರೆ ಟವೆಲ್ಲಿನ ಒಳಗೆ ಇವಳ ಭುಜ ಕುಲುಕುತ್ತಿತ್ತು. ನನ್ನ ಮೂಗಿಗೆ ಕೋಪ ಏರಿತು. ಎದ್ದು ಸೀದಾ ಆಚೆ ಬೆಂಚಿಗೆ ಹೋದೆ.

"ನನ್ನ ಪಾರ್ಟ್ನರ್‌ಗೆ ಡ್ರಾಪ್ ಯಾಕೆ ಹಾಕುವುದಿಲ್ಲ ನೀನು?"

ಅವಳು ನೀರು ಕುಡಿಯುವುದನ್ನು ನಿಲ್ಲಿಸಿದಳು. "ಇಬ್ಬರಲ್ಲಿ ನೀನು ವೀಕ್. ನಿನ್ನ ಕಡೆಗೆ ಆಡುತ್ತಿದ್ದೇನೆ, ಅಷ್ಟೆ."

"ನಾನು ವೀಕ್ ಅಂತ ನನಗೇ ಗೊತ್ತುಂಟು, ನಿನ್ನ ಸರ್ಟಿಫಿಕೇಟ್ ಬೇಡ. ಅವಳು ಹಿಂದೆ ಸಿಕ್ಕಿಹಾಕಿಕೊಂಡಾಗಲೂ ಎತ್ತಿ ಕೊಟ್ಟೆಯಲ್ಲ, ಅದು ಯಾವ ಲೆಕ್ಕ? ನನಗೆ ಕಣ್ಣಿಲ್ಲವಾ?"

ಅವಳ ಇಂಗ್ಲಿಷ್ ತಡವರಿಸಿತು. "ಆ ನರ ಹರಿದ ಶಬ್ದ ನೀನು ಕೇಳಿಲ್ಲ. ನಾನು ಕೇಳಿದ್ದೇನೆ. ಅವತ್ತಿನ ಶಟಲ್ ನನ್ನದು. ನಾನು ಹತ್ತಿರ ಇದ್ದೆ. ನನಗೆ ಸುಸ್ತಾಗಿತ್ತು, ಬಿಟ್ಟೆ. ಅವಳು ಹಿಂದಿನಿಂದ ಹಾರಿದಳು. ಇನ್ನೊಮ್ಮೆ ನನ್ನ ಕೈಯಿಂದಲೇ ಆ ಕಾಲು ಹರಿಯಬೇಕಾ? ಬೇಕಾದರೆ ಮ್ಯಾಚ್ ತಗೊಳ್ಳಿ."

ಐದು ವರ್ಷ ಫೋನ್ ಮಾಡದ್ದು ಇದಕ್ಕೆ! ನನಗೆ ಅವಳನ್ನು ಅಪ್ಪಿಕೊಳ್ಳಬೇಕು ಅಂತಲೂ ಅನ್ನಿಸಿತು, ಕೆನ್ನೆಗೆ ಎರಡು ಬಿಗಿಯಬೇಕು ಅಂತಲೂ ಅನ್ನಿಸಿತು.

"ಅವಳು ಇಷ್ಟು ದೂರ ಬಂದದ್ದು ಮ್ಯಾಚ್ ತಗೊಳ್ಳಲಿಕ್ಕಲ್ಲ," ಅಂದೆ. "ನೀನು ಅವಳ ಜೊತೆ ಆಡುತ್ತೀಯಾ ಇಲ್ಲವಾ ಅಂತ ನೋಡಲಿಕ್ಕೆ. ಕಾಲು ಅವಳದ್ದು. ಆಡುವುದಿದ್ದರೆ ಸರಿಯಾಗಿ ಆಡು, ಇಲ್ಲದಿದ್ದರೆ ಬ್ಯಾಗ್ ಎತ್ತಿಕೊಂಡು ಮನೆಗೆ ಹೋಗು."

ವಾಪಸ್ ನಮ್ಮ ಬೆಂಚಿಗೆ ಬಂದೆ. ಎಂಥ ಕೆಲಸ ಮಾಡಿದೆ ನಾನು? ಗೆಲ್ಲುವ ಮ್ಯಾಚನ್ನು ಕೈಯಾರೆ ಹಾಳು ಮಾಡಿದೆ, ಅದು ಹಾಳಾಗಿ ಹೋಗಲಿ. ಆ ನರ ಹರಿದರೆ? ಗಂಡನ ಮಾತು ಕಿವಿಯಲ್ಲಿ ಕೂಗುತ್ತಿತ್ತು. ಇವಳಿಗೆ ಏನೂ ಹೇಳಲಿಲ್ಲ. ರ‍್ಯಾಕೆಟ್ ಹಿಡಿದ ಕೈಯಲ್ಲೇ ಶಿಲುಬೆಯ ಗುರುತು ಮಾಡಿಕೊಂಡೆ.

ಮೂರನೆಯ ಗೇಮ್ ಶುರುವಾಯಿತು. ಅವಳು ಎತ್ತಿ ಕೊಡುತ್ತಲೇ ಇದ್ದಳು. ಇವಳು ಹೊಡೆದ ಸ್ಮ್ಯಾಶಿನಲ್ಲಿ ಸಿಟ್ಟು ಇತ್ತು, ಗುರಿ ಇರಲಿಲ್ಲ. ಎರಡು ಹೊರಗೆ ಹೋದವು. ನಾವು ಸ್ವಲ್ಪ ಮುಂದೆ, ಅವರು ಸ್ವಲ್ಪ ಹಿಂದೆ. ನನ್ನ ಮಾತು ನೀರಿನಲ್ಲಿ ಮಾಡಿದ ಹೋಮ ಆಯಿತು ಅಂದುಕೊಂಡೆ. ಒಂದು ಕಡೆ ಬೇಸರ, ಇನ್ನೊಂದು ಕಡೆ ಸದ್ಯ ಬಚಾವ್ ಅಂತ ಸಮಾಧಾನ. ಸ್ಕೋರ್ ಹದಿನೈದು-ಹದಿಮೂರು ಆಯಿತು.

ಆಗ ಅವಳು ಒಂದು ಶಟಲನ್ನು ಇವಳ ಹಿಂದಿನ ಎಡಮೂಲೆಗೆ ಎತ್ತಿ ಹೊಡೆದಳು. ಇವಳು ಹಿಂದಕ್ಕೆ ಓಡಿ, ಬಗ್ಗಿ, ಹೇಗೋ ತಿರುಗಿಸಿದಳು. ಅವಳು ರ‍್ಯಾಕೆಟ್ ಎತ್ತಿದಳು, ಬಲವಾಗಿ ಹೊಡೆಯುವ ಹಾಗೆ. ಕೊನೆಯ ಕ್ಷಣದಲ್ಲಿ ಮಣಿಕಟ್ಟು ನಿಂತಿತು. ಶಟಲ್ ನೆಟ್‌ನ ಪಟ್ಟಿಯನ್ನು ಸವರಿಕೊಂಡು ನಮ್ಮ ಕಡೆ, ಎಡಗಡೆ, ಮೆಲ್ಲಗೆ ಇಳಿಯತೊಡಗಿತು.

ನಾನು ಬಲಗಡೆ ಇದ್ದೆ. ಹಾರಿದ್ದರೆ ನನಗೂ ಸಿಗುತ್ತಿತ್ತೋ ಏನೋ. ಹಿಂದೆ ಇವಳ ಶೂ ನೆಲವನ್ನು ಒತ್ತಿದ ಸದ್ದು ಕೇಳಿತು. ನಾನು ಕಣ್ಣು ಮುಚ್ಚಿದೆ. ಮುಚ್ಚಬಾರದಿತ್ತು, ಆಟಗಾರ್ತಿ ಯಾರಾದರೂ ಕಣ್ಣು ಮುಚ್ಚುತ್ತಾಳಾ? ಆದರೆ ಮುಚ್ಚಿದೆ, ಕಿವಿ ಮಾತ್ರ ತೆರೆದಿತ್ತು. ಒಂದು ಹೆಜ್ಜೆ. ಇನ್ನೊಂದು. ಕಿರ್ ಅಂತ ರಬ್ಬರ್ ಜಾರಿದ ಶಬ್ದ. ಆಮೇಲೆ ಟಪ್ ಅಂತ ಸಣ್ಣದೊಂದು ಸದ್ದು.

ಅದು ರ‍್ಯಾಕೆಟ್ಟಿನ ಸದ್ದು. ಕಣ್ಣು ಬಿಟ್ಟಾಗ ಇವಳು ನೆಟ್‌ನ ಬುಡದಲ್ಲಿ ಪೂರ್ತಿ ಚಾಚಿಕೊಂಡಿದ್ದಳು, ಶಟಲ್ ಆ ಕಡೆ ಬಿದ್ದಿತ್ತು. ಪಾಯಿಂಟ್ ನಮ್ಮದು. ಆ ಹೆಂಗಸು ರ‍್ಯಾಕೆಟ್ ಇಳಿಬಿಟ್ಟು ಇವಳ ಕಾಲನ್ನೇ ನೋಡುತ್ತಿದ್ದಳು. ಇವಳು ಎದ್ದಳು, ಕಾಲನ್ನು ಒಮ್ಮೆ ಒದರಿದಳು, ತನ್ನ ಜಾಗಕ್ಕೆ ಹೋಗಿ ನಿಂತಳು. ಅಷ್ಟು ವರ್ಷದಲ್ಲಿ ಮೊದಲ ಸಲ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಆಮೇಲೆ ಆದದ್ದು ಆಟ. ನನ್ನನ್ನೂ ಲೋಕಲ್ ಹೆಂಗಸನ್ನೂ ಯಾರೂ ಕೇಳುವವರಿಲ್ಲ. ಅವಳು ಹಿಂದಕ್ಕೆ ಓಡಿಸುವುದು, ಮುಂದಕ್ಕೆ ಎಳೆಯುವುದು, ಮತ್ತೆ ಹಿಂದಕ್ಕೆ. ದಯೆ ಅಂದರೆ ಏನು ಅಂತ ಗೊತ್ತಿಲ್ಲದವಳ ಹಾಗೆ ಹೊಡೆದಳು. ಇವಳು ಒಂದಕ್ಕೆ ಮುಟ್ಟಿದಳು, ಎರಡಕ್ಕೆ ಮುಟ್ಟಲಿಲ್ಲ, ಇನ್ನೊಂದಕ್ಕೆ ಮುಟ್ಟಿ ಸ್ಮ್ಯಾಶ್ ಹೊಡೆದು ಗೋಡೆ ನಡುಗಿಸಿದಳು. ಪ್ರತಿ ಡ್ರಾಪಿಗೂ ನಾನು ಒಳಗೊಳಗೇ ಮಾತೆ ಮರಿಯಮ್ಮನನ್ನು ಕರೆದೆ. ಹದಿನೆಂಟು ಸಮ. ಹತ್ತೊಂಬತ್ತು ಸಮ. ಪಕ್ಕದ ಕೋರ್ಟಿನವರು ತಮ್ಮ ಆಟ ನಿಲ್ಲಿಸಿ ಬಂದು ನಿಂತಿದ್ದರು. ಕೊನೆಯ ಎರಡು ಪಾಯಿಂಟ್ ಎರಡೂ ಡ್ರಾಪ್, ಎರಡೂ ಒಂದೇ ಮೂಲೆಗೆ. ಇವಳು ಎರಡಕ್ಕೂ ಓಡಿದಳು. ಎರಡೂ ಒಂದು ಗೇಣಿನಲ್ಲಿ ತಪ್ಪಿದವು.

ಸೋತೆವು.

ಆ ಹೆಂಗಸು ನೆಟ್‌ನ ಕೆಳಗಿಂದ ನುಗ್ಗಿ ನಮ್ಮ ಕಡೆಗೇ ಬಂದುಬಿಟ್ಟಳು. ಇಬ್ಬರೂ ಹಣೆಗೆ ಹಣೆ ಒತ್ತಿಕೊಂಡು ತಮ್ಮ ಭಾಷೆಯಲ್ಲಿ ಒಟ್ಟಿಗೇ ಮಾತಾಡಿದರು, ಒಬ್ಬರದ್ದು ಇನ್ನೊಬ್ಬರು ಕೇಳುತ್ತಿದ್ದ ಹಾಗೆ ಕಾಣಲಿಲ್ಲ. ಲೋಕಲ್ ಹೆಂಗಸು ನನ್ನ ಕೈ ಕುಲುಕಿ ಗುಡ್ ಗೇಮ್ ಅಂದಳು. ನಾನೂ ಗುಡ್ ಗೇಮ್ ಅಂದೆ.

ಬೆಂಚಿಗೆ ಬಂದು ಕೂತಾಗ ಇವಳ ಮುಖ ನೋಡಬೇಕಿತ್ತು. ಬೆವರು, ಕಣ್ಣೀರು, ನಗು, ಎಲ್ಲಾ ಒಟ್ಟಿಗೆ. ಸೋತು ಅಷ್ಟು ಸಂತೋಷಪಟ್ಟವರನ್ನು ನಾನು ನೋಡಿಲ್ಲ. "ನೋಡಿದೆಯಾ?" ಅಂದಳು. "ನನ್ನನ್ನು ಸೋಲಿಸಿದಳು. ಕಾಲನ್ನಲ್ಲ, ನನ್ನನ್ನು."

"ನೋಡಿದೆ. ಬರುವ ವರ್ಷ ನಾವು ಅವಳನ್ನು ಸೋಲಿಸುವ. ಆ ಎಡಮೂಲೆಗೆ ನಾನು ಬೇಗ ಸರಿದರೆ..."

ಇವಳು ನನ್ನ ಕೈ ಹಿಡಿದು ಅಲ್ಲಿಗೇ ನಿಲ್ಲಿಸಿದಳು. "ಬರುವ ವರ್ಷ ಇಲ್ಲ. ಆಯಿತು, ನನ್ನ ಆಟ ಮುಗಿಯಿತು."

ನನಗೆ ಕೋಪ ಬಂತು. ಇಷ್ಟು ತಿಂಗಳು, ಗಂಡನ ಜೊತೆ ಇಷ್ಟು ಜಗಳ, ಮಂಡಿಯ ಮೇಲೆ ಇಷ್ಟು ಗಾಯ! "ಹೌದಾ? ಹಾಗಾದರೆ ನನ್ನ ಗತಿ ಏನು? ನಾನು ಅವಳ ಹತ್ತಿರ ಹೋಗಿ ಬಾಯಿ ಬಿಡದೆ ಸುಮ್ಮನೆ ಕೂತಿದ್ದರೆ ಏನಾಗುತ್ತಿತ್ತು, ಹೇಳು?"

ನಾನು ಆಚೆ ಬೆಂಚಿಗೆ ಹೋದದ್ದನ್ನು ಇವಳು ಟವೆಲ್ಲಿನ ಸಂದಿಯಿಂದ ನೋಡಿಯೇ ಇದ್ದಳು. ಸುಳ್ಳು ಹೇಳಲು ಬಾರದವಳು ಇವಳು.

"ಗೆಲ್ಲುತ್ತಿದ್ದೆವು," ಅಂದಳು. "ನಾನು ಬರುವ ವರ್ಷವೂ ನಿನ್ನ ಜೊತೆ ಬರುತ್ತಿದ್ದೆ. ಅದರ ಮುಂದಿನ ವರ್ಷವೂ ಬರುತ್ತಿದ್ದೆ. ಅವಳು ನನ್ನ ಜೊತೆ ನಿಜವಾಗಿ ಆಡುವವರೆಗೂ ಬರುತ್ತಲೇ ಇರುತ್ತಿದ್ದೆ."

ಇವಳು ಬಗ್ಗಿ ಎಡಗಾಲಿನ ಶೂ ಬಿಚ್ಚತೊಡಗಿದಳು. ನಾನು ಪಕ್ಕದಲ್ಲಿ ಕೂತು, ಮೂಗು ಸೋರಿಸಿಕೊಂಡು, ಸಣ್ಣ ಹುಡುಗಿಯ ಹಾಗೆ ಅತ್ತೆ.